ಆರೂವರೆ ವಾಚು

ಮೂವತ್ತೊಂದು ವರ್ಷ ಸರ್ಕಾರಿ ಕೆಲಸ ಮಾಡಿಯೂ ಶಿವರಾಮು ಒಬ್ಬರ ಬಾಯಿಗೂ ಬಿದ್ದವರಲ್ಲ. ಹೊಗಳುವಂಥದ್ದನ್ನು ಮಾಡಿರಲಿಲ್ಲ, ತೆಗಳುವಂಥದ್ದನ್ನು ಮಾಡಲು ಅವಕಾಶ ಸಿಕ್ಕಿರಲಿಲ್ಲ. ಮೈಸೂರಿನ ಒಂದು ಇಲಾಖೆಯ ಕಚೇರಿಯಲ್ಲಿ ಅವರು ಟಪಾಲು ವಿಭಾಗದ ಗುಮಾಸ್ತರು. ಇಲಾಖೆಯ ಹೆಸರು ಇಲ್ಲಿ ಬೇಡ. ಅಲ್ಲಿ ಇನ್ನೂ ಕೆಲವರು ಕೆಲಸ ಮಾಡುತ್ತಾರೆಂಬ ವದಂತಿಯಿದೆ. ಬಂದ ಕಾಗದಕ್ಕೊಂದು ನಂಬರು ಹಾಕುವುದು, ಹೋಗುವ ಕಾಗದಕ್ಕೊಂದು ನಂಬರು ಹಾಕುವುದು, ನಡುವೆ ಎರಡು ಸಲ ಕಾಫಿ ಕುಡಿಯುವುದು, ಇದಿಷ್ಟೇ ಶಿವರಾಮು ಅವರ ಸೇವೆ. ಕುವೆಂಪುನಗರದಲ್ಲೊಂದು ಪುಟ್ಟ ಮನೆ, ಒಂದು ಸ್ಕೂಟರು, ಹೆಂಡತಿ ಪದ್ಮಾವತಿ, ಮಗಳು ಅನುಪಮಾ. ಮಗಳಿಗೆ ಗಂಡು ಗೊತ್ತಾಗಿತ್ತು. ನಿವೃತ್ತಿಗೆ ಹದಿನೆಂಟು ತಿಂಗಳಿತ್ತು. ಇನ್ನೇನು ದಡ ಸೇರಿದೆವು ಅನ್ನುವಷ್ಟರಲ್ಲಿ, ಒಂದು ಭಾನುವಾರ ಸ್ಕೂಟರು ತೊಳೆಯುವಾಗ ಕೈಯಲ್ಲಿದ್ದ ಹಳೇ ವಾಚಿನೊಳಕ್ಕೆ ನೀರು ಹೋಯಿತು.

ವಾಚಿಲ್ಲದ ಕೈಯಲ್ಲಿ ಟಪಾಲಿಗೆ ನಂಬರು ಹಾಕಿದರೆ ಅದು ಸಿಂಧುವಾಗುವುದಿಲ್ಲವೇನೋ ಎಂಬಂಥ ಅಳುಕಿನಿಂದ ಶಿವರಾಮು ಅದೇ ಸಂಜೆ ಲಷ್ಕರ್ ಮೊಹಲ್ಲಾಕ್ಕೆ ಹೋದರು. ಅಲ್ಲೊಂದು ಸೆಕೆಂಡ್ ಹ್ಯಾಂಡ್ ಸಾಮಾನಿನ ಅಂಗಡಿ. ಮಿಕ್ಸಿ ಜಾರು, ಚಾರ್ಜರು, ಒಂಟಿ ಸ್ಪೀಕರುಗಳ ನಡುವೆ ಒಂದು ವಾಚು ಮಲಗಿತ್ತು. ಕಪ್ಪು ಮುಖ, ತೆಳ್ಳಗಿನ ಮುಳ್ಳು, ಸದ್ದುಗದ್ದಲವಿಲ್ಲದ ಹೊಳಪು.

"ಇದು ಯಾವ್ದಪ್ಪ?" ಎಂದು ಕೇಳಿದರು.

"ಡೂಪ್ಲಿಕೇಟ್ ಸಾರ್," ಎಂದ ಅಂಗಡಿಯವನು.

ಅವನ ಪ್ರಾಮಾಣಿಕತೆ ಶಿವರಾಮುವಿಗೆ ಹಿಡಿಸಿತು. "ಡೂಪ್ಲಿಕೇಟಲ್ಲೇ ಒಳ್ಳೇದಾ?"

"ಒರಿಜಿನಲ್ ಡೂಪ್ಲಿಕೇಟ್ ಸಾರ್. ಕೈಯಲ್ಲಿ ಹಿಡಿದು ತೂಕ ನೋಡಿ."

ಒಂಬೈನೂರು ಹೇಳಿದ. ಶಿವರಾಮು ಎರಡು ಸಲ ಅಂಗಡಿ ಬಿಟ್ಟು ಹೋದರು, ಎರಡು ಸಲವೂ ಅವನೇ ಕರೆದ. ಆರುನೂರೈವತ್ತಕ್ಕೆ ವ್ಯಾಪಾರ ಮುಗಿಯಿತು. ಮನೆಯಲ್ಲಿ ಪದ್ಮಾವತಿ ವಾಚನ್ನು ಕಣ್ಣ ಹತ್ತಿರ ಹಿಡಿದು ಅದರ ಮುಖದ ಮೇಲಿದ್ದ ಇಂಗ್ಲಿಷ್ ಅಕ್ಷರಗಳನ್ನು ಒಂದೊಂದಾಗಿ ಕೂಡಿಸಿದರು. ಮಾಂಬ್ರಿಯೂ ಎಂದು ಬರೆದಿತ್ತು.

"ಮಾಂಬಳ್ಳೀದಾ ಇದು?" ಎಂದರು. "ಮಾಂಬಳ್ಳೀಲಿ ವಾಚ್ ಬೇರೆ ಮಾಡ್ತಾರಾ ಈಗ?"

"ಎಲ್ಲೀದಾದ್ರೇನು, ಓಡುತ್ತಲ್ಲ," ಎಂದರು ಶಿವರಾಮು. ಓಡುತ್ತಿತ್ತು. ದಿನಕ್ಕೆ ಎರಡು ನಿಮಿಷ ಹಿಂದೆ ಬೀಳುತ್ತಿತ್ತು, ಸರ್ಕಾರಿ ನೌಕರಿಗೆ ಅದೇನೂ ದೊಡ್ಡ ವಿಳಂಬವಲ್ಲ.

ಮಾರನೇ ಬೆಳಿಗ್ಗೆ ಪಾರ್ಕಿನಲ್ಲಿ ವೆಂಕಟಸುಬ್ಬಯ್ಯ ಸಿಕ್ಕಿದರು. ಇವರು ಬ್ಯಾಂಕಿನಿಂದ ನಿವೃತ್ತರಾದವರು, ಶಿವರಾಮು ಮನೆಯ ಎದುರುಮನೆಯವರು. ನಿವೃತ್ತಿಯಾದ ಮೇಲೆ ದಿನಕ್ಕೆ ಆರು ಗಂಟೆ ಮೊಬೈಲಿನಲ್ಲಿ ವಿಡಿಯೊ ನೋಡಿ ಜಗತ್ತಿನ ಎಲ್ಲ ವಿಷಯದಲ್ಲೂ ಒಂದಿಷ್ಟು ಪಾಂಡಿತ್ಯ ಗಳಿಸಿದ್ದರು. ಹನ್ನೊಂದು ವರ್ಷದಿಂದ ಎದುರುಬದುರು ಇದ್ದರೂ ಶಿವರಾಮುವಿನ ಜೊತೆ ಅವರು ಆಡಿದ್ದ ಮಾತು "ಗಾಡಿ ಸ್ವಲ್ಪ ಆಕಡೆ ಹಾಕ್ರಿ" ಎಂಬುದೊಂದೇ. ಆ ದಿನ ಅವರ ಕಣ್ಣು ಶಿವರಾಮುವಿನ ಮಣಿಕಟ್ಟಿನ ಮೇಲೆ ಬಿದ್ದು ಅಲ್ಲೇ ನಿಂತುಬಿಟ್ಟಿತು.

"ಇವ್ರೇ, ಒಂದು ನಿಮಿಷ. ಅದು ಮಾಂಬ್ರಿಯೂ ಅಲ್ವಾ?"

ಶಿವರಾಮು ತೋಳು ಸ್ವಲ್ಪ ಮೇಲಕ್ಕೆ ಸರಿಸಿದರು. "ಹ್ಞೂಂ, ಏನೋ ಒಂದು."

"ಏನೋ ಒಂದಾ? ನೋಡಿ ಇವ್ರೇ, ವಾಚು ಅಂದ್ರೆ ಒಂದು ಬಿಲ್ಡಿಂಗ್ ಇದ್ದಂಗೆ. ಕೆಳಗಡೆ ಬಸ್‌ಸ್ಟ್ಯಾಂಡ್ ಮಾಲು. ಅದರ ಮೇಲೆ ಸೊನಾಟಾ, ಕ್ಯಾಸಿಯೊ. ಅದರ ಮೇಲೆ ಟೈಟನ್, ಎಚ್‌ಎಂಟಿ. ನಮ್ಮಂಥ ಸಂಬಳದೋರು ನಿಲ್ಲೋದು ಅಲ್ಲೇ. ಅದಾದ್ಮೇಲೆ ಸೀಕೊ, ಸಿಟಿಜನ್. ಆಮೇಲೆ ಟಿಸ್ಸೊ. ಇನ್ನೂ ಹತ್ತಿದ್ರೆ ಒಮೆಗಾ, ರೋಲೆಕ್ಸು. ಅದಕ್ಕೂ ಮೇಲೆ ಒಂದು ಮಹಡಿ ಇದೆ, ಅಲ್ಲಿಗೆ ಲಿಫ್ಟೇ ಹೋಗಲ್ಲ. ಮಾಂಬ್ರಿಯೂ ಇರೋದು ಅಲ್ಲಿ. ಎಷ್ಟಾಯ್ತು?"

"ಆರೂವರೆ."

"ಟೈಮ್ ಕೇಳ್ಲಿಲ್ಲ ನಾನು. ಎಷ್ಟು ಕೊಟ್ರಿ ಅಂದೆ."

"ಅದೇ ಹೇಳಿದ್ದು. ಆರೂವರೆ."

ವೆಂಕಟಸುಬ್ಬಯ್ಯ ಕಲ್ಲುಬೆಂಚಿನ ಮೇಲೆ ಕೂತರು. "ಕಂತಲ್ಲಾ?"

"ಅಷ್ಟಕ್ಕೆ ಎಂಥ ಕಂತು ಸಾರ್. ಜೇಬಲ್ಲೇ ಇತ್ತು. ಅವನು ಒಂಬತ್ತು ಹೇಳ್ದ, ನಾನು ಆರೂವರೆಗೆ ನಿಲ್ಲಿಸ್ದೆ."

"ಎಲ್ಲಿ?"

ಲಷ್ಕರ್ ಮೊಹಲ್ಲಾ ಎಂಬುದು ಶಿವರಾಮುವಿನ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹನ್ನೊಂದು ವರ್ಷದಲ್ಲಿ ಮೊದಲ ಸಲ ಎದುರುಮನೆಯವರು ಬೆಂಚಿನ ಮೇಲೆ ಜಾಗ ಸರಿಸಿ ಕೊಡುತ್ತಿದ್ದರು. "ಗುರುತಿನೋರ ಕಡೆಯಿಂದ," ಎಂದುಬಿಟ್ಟರು. ಇದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಎರಡು ಸಲ ಅಂಗಡಿ ಬಿಟ್ಟು ಹೋಗಿ ವಾಪಸು ಬಂದ ಮೇಲೆ ಯಾರಾದರೂ ಗುರುತಾಗಿಯೇ ಆಗುತ್ತಾರೆ.

ಆ ಸಂಜೆ ಪದ್ಮಾವತಿ ತರಕಾರಿ ತರಲು ಹೋದವರು ಚೀಲವನ್ನು ಬಾಗಿಲಲ್ಲೇ ಇಟ್ಟು ಗಂಡನ ಮುಂದೆ ನಿಂತರು. "ನೀವು ಆರೂವರೆ ಲಕ್ಷದ ವಾಚ್ ಕಟ್ಟಿದ್ದೀರಂತೆ. ಕೊತ್ತಂಬರಿ ಸೊಪ್ಪಿನವಳು ಹೇಳಿದ್ಲು."

ಶಿವರಾಮು ಮನಸಾರೆ ನಕ್ಕರು. ನಗು ಮುಗಿದ ಮೇಲೆ ಪದ್ಮಾವತಿ, "ಈಗಲೇ ಎದುರುಮನೆಗೆ ಹೋಗಿ ನಿಜ ಹೇಳ್ಬುಟ್ಟು ಬನ್ನಿ," ಎಂದರು.

"ಬೆಳಿಗ್ಗೆ ಹೇಳ್ತೀನಿ ಬುಡು."

ಬೆಳಿಗ್ಗೆ ಗೇಟಿನ ಹೊರಗೆ ಬಂದರೆ, ದಿನವೂ ಅವರ ಗೇಟಿಗೆ ಅಡ್ಡ ನಿಲ್ಲುತ್ತಿದ್ದ ವೆಂಕಟಸುಬ್ಬಯ್ಯನವರ ಕಾರು ಇಪ್ಪತ್ತು ಅಡಿ ಆಚೆಗಿತ್ತು. ಪಾರ್ಕಿನಲ್ಲಿ ಮೂವರು ನಮಸ್ಕಾರ ಹೇಳಿದರು. ಬಡಾವಣೆಯ ಸಂಘದವರು ಬಂದು, ಪಾರ್ಕಿನ ಹೊಸ ಬೆಂಚುಗಳನ್ನು ಉದ್ಘಾಟಿಸಲು ತಮ್ಮಂಥವರೇ ಆಗಬೇಕು ಎಂದರು. ಮೂವತ್ತೊಂದು ವರ್ಷ ಬರೀ ಶಿವರಾಮು ಆಗಿದ್ದವರು ಒಂದು ವಾರದಲ್ಲಿ ಶಿವರಾಮಯ್ಯನೋರಾದರು. ನಿಜ ಹೇಳುವ ಕೆಲಸ ಬೆಳಿಗ್ಗೆಯಿಂದ ಬೆಳಿಗ್ಗೆಗೆ ಮುಂದಕ್ಕೆ ಹೋಗುತ್ತಿತ್ತು. ಇಲಾಖೆಯಲ್ಲಿ ಪಳಗಿದವರಿಗೆ ಇದು ಕಷ್ಟವೇನಲ್ಲ.

ಕಚೇರಿಗೂ ಸುದ್ದಿ ಮುಟ್ಟಿತು. ಕಚೇರಿಯ ಮ್ಯಾನೇಜರ್ ವೃಷಭೇಂದ್ರಪ್ಪ ನಿಯಮದ ಮನುಷ್ಯ. ಸೀನುವುದಕ್ಕೂ ಒಂದು ಸುತ್ತೋಲೆ ಇದೆಯೇ ಎಂದು ನೋಡುವವರು. ಅವರು ಶಿವರಾಮುವನ್ನು ಒಳಗೆ ಕರೆದು ಬಾಗಿಲು ಮುಂದಕ್ಕೆ ಹಾಕಿಸಿದರು.

"ಏನ್ರೀ ಶಿವರಾಮು, ನಿಮ್ಮ ಟೇಬಲ್ಲಿಗೆ ಬರೋದು ಬರೀ ಟಪಾಲು. ಅದರಲ್ಲಿ ಇಷ್ಟಿದೆ ಅಂತ ನನಗೆ ಗೊತ್ತೇ ಇರ್ಲಿಲ್ಲ."

"ಸಾರ್, ಅದರಲ್ಲಿ ಏನೂ ಇಲ್ಲ."

"ಏನೂ ಇಲ್ದೆ ಈ ವಾಚು ಬಂತಾ? ನಾನು ಇಪ್ಪತ್ತೆಂಟು ವರ್ಷದಿಂದ ಈ ಕುರ್ಚೀಲಿ ನಿಯಮ ಪಾಲಿಸ್ಕೊಂಡು ಕೂತಿದ್ದೀನಿ. ನನ್ನ ಕೈ ನೋಡಿ." ಅವರ ಕೈಯಲ್ಲಿ ವೆಂಕಟಸುಬ್ಬಯ್ಯನವರ ಲೆಕ್ಕದ ಎರಡನೇ ಮಹಡಿಯ ವಾಚಿತ್ತು. ಅವರ ದನಿಯಲ್ಲಿ ಇದ್ದದ್ದು ಸಿಟ್ಟೋ ನೋವೋ ಶಿವರಾಮುವಿಗೆ ತಿಳಿಯಲಿಲ್ಲ.

ಆ ವಾರ ಟಪಾಲು ವಿಭಾಗಕ್ಕೆ ವರ್ಗ ಕೋರಿ ಮೂರು ಅರ್ಜಿ ಬಂದವು. ಮೂರಕ್ಕೂ ಶಿವರಾಮು ತಮ್ಮ ಕೈಯಾರೆ ನಂಬರು ಹಾಕಿದರು.

ಶನಿವಾರ ನಂಜನಗೂಡಿನಿಂದ ಮಂಟಯ್ಯನವರ ಫೋನು ಬಂತು. ಮಂಟಯ್ಯ ಎಂದರೆ ಶಿವರಾಮುವಿನ ಬೀಗರಾಗುವವರು, ಗಂಡಿನ ತಂದೆ. ಐವತ್ತು ಜನ ಸೇರಿಸಿ ಸರಳ ಮದುವೆ ಮಾಡೋಣ ಎಂದು ಅವರೇ ಮುಂದಾಗಿ ಹೇಳಿದ್ದರು.

"ಬೀಗ್ರೇ, ಐವತ್ತು ಜನ ಅಂದಿದ್ದು ನಿಮಗೆ ತೊಂದ್ರೆ ಆಗ್ಬಾರ್ದು ಅಂತ ಕಣ್ರೀ. ಈಗ ಎಂಗೆ ಅಂದ್ರೆ, ನಿಮ್ಮ ಘನತೆಗೂ ಕುಂದು ಬರ್ಬಾರ್ದು. ನಮ್ಮ ಕಡೇದೇ ಆರುನೂರು ಆಯ್ತದೆ."

ಈಗ ಶಿವರಾಮು ನಿಜ ಹೇಳಿಯೇಬಿಟ್ಟರು. "ಬೀಗ್ರೇ, ಆ ವಾಚು ಡೂಪ್ಲಿಕೇಟು. ಆರುನೂರೈವತ್ತು ರೂಪಾಯಿದು."

ಆ ಕಡೆಯಿಂದ ಮಂಟಯ್ಯ ಪ್ರೀತಿಯಿಂದ ನಕ್ಕರು. "ದೊಡ್ಡೋರು ಅಂಗೇ ಅನ್ನೋದು. ನಾನೂ ಊರಲ್ಲಿ ಅಂಗೇ ಏಳ್ತೀನಿ ಬುಡಿ."

ಅನುಪಮಾ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. "ಅಪ್ಪಾ, ಆರುನೂರು ಜನ ಬರೋದಾದ್ರೆ ನಾನು ಬರಲ್ಲ," ಎಂದಷ್ಟೇ ಹೇಳಿ ಒಳಗೆ ಹೋದಳು. ಪದ್ಮಾವತಿ ಏನೂ ಹೇಳಲಿಲ್ಲ. ಅವರು ಏನೂ ಹೇಳದಿದ್ದಾಗ ಮನೆಯಲ್ಲಿ ಪಾತ್ರೆಗಳು ಮಾತಾಡುತ್ತಿದ್ದವು.

ಶಿವರಾಮು ಎದುರುಮನೆಗೆ ಓಡಿ ನಿಜ ಹೇಳಿದರು. ವೆಂಕಟಸುಬ್ಬಯ್ಯ ಸಾವಧಾನವಾಗಿ ಕೇಳಿ, "ಗೊತ್ತಾಯ್ತು ಇವ್ರೇ. ಇನ್‌ಕಮ್ ಟ್ಯಾಕ್ಸ್ ಭಯ. ನಾನು ಯಾರಿಗೂ ಹೇಳಲ್ಲ," ಎಂದು ಬಾಗಿಲವರೆಗೆ ಬಂದು ಕಳಿಸಿದರು. ಕಚೇರಿಯಲ್ಲಿ ಹೇಳಿದರು. ಅಲ್ಲಿ ಎಲ್ಲರೂ ಒಟ್ಟಿಗೆ ಕಣ್ಣು ಹೊಡೆದರು. ಸುಳ್ಳು ಹೇಳದೆಯೇ ನಂಬಿಕೆ ಗಳಿಸಿದ್ದ ಮನುಷ್ಯನಿಗೆ ಈಗ ನಿಜ ಹೇಳಿ ಅದನ್ನು ಕಳೆದುಕೊಳ್ಳಲು ಆಗುತ್ತಿರಲಿಲ್ಲ.

ಹೀಗಿರುವಾಗ ಸಹಿಯಿಲ್ಲದ ಒಂದು ಮೂಗರ್ಜಿ ಬಂತು. ಟಪಾಲಿನಲ್ಲೇ ಬಂತು. ಲಕೋಟೆ ಒಡೆದು, ನಂಬರು ಹಾಕಿ, ಅರ್ಧ ಓದುವ ಹೊತ್ತಿಗೆ ಅದು ತಮ್ಮ ಮೇಲೆಯೇ ಎಂದು ಶಿವರಾಮುವಿಗೆ ತಿಳಿಯಿತು. ಸದರಿ ನೌಕರರು ಇಲಾಖೆಗೆ ತಿಳಿಸದೆ ಲಕ್ಷಾಂತರ ಬೆಲೆಯ ಚರಾಸ್ತಿ ಹೊಂದಿದ್ದಾರೆ ಎಂದಿತ್ತು. ನಂಬರು ಹಾಕಿದ ಕಾಗದವನ್ನು ಹರಿದುಹಾಕುವುದು ಅವರ ಜಾಯಮಾನದಲ್ಲಿ ಇರಲಿಲ್ಲ. ತಾವೇ ತೆಗೆದುಕೊಂಡು ಹೋಗಿ ವೃಷಭೇಂದ್ರಪ್ಪನವರ ಮೇಜಿನ ಮೇಲೆ ಇಟ್ಟರು. ಹದಿನೈದು ದಿನದಲ್ಲಿ ಇಲಾಖಾ ವಿಚಾರಣೆ ಎಂದು ಆದೇಶವಾಯಿತು. ಆರೋಪ ಸಾಬೀತಾದರೆ ಕೆಲಸ ಹೋದಂತೆಯೇ, ಪಿಂಚಣಿಯೂ ಅದರ ಹಿಂದೆಯೇ.

"ಡೂಪ್ಲಿಕೇಟು ಅಂತ ಗೊತ್ತಿರೋರ ಕೈಲಿ ಬರೆಸ್ಕೊಂಡು ಬನ್ನಿ," ಎಂದರು ಪದ್ಮಾವತಿ. ಆ ಮನೆಯಲ್ಲಿ ಬುದ್ಧಿಯ ಮಾತು ಹೊರಡುತ್ತಿದ್ದದ್ದು ಆ ಒಂದು ಬಾಯಿಂದಲೇ.

ದೇವರಾಜ ಅರಸು ರಸ್ತೆಯ ಒಂದು ಓಣಿಯಲ್ಲಿ ಶಾಮಣ್ಣ ಎಂಬ ಹಳೇ ವಾಚ್ ರಿಪೇರಿಯವರು ಇದ್ದರು. ನಲವತ್ತು ವರ್ಷದಿಂದ ಒಂದೇ ಕಣ್ಣಿನಲ್ಲಿ ಜಗತ್ತು ನೋಡಿದವರು. ಇನ್ನೊಂದು ಕಣ್ಣಿಗೆ ಯಾವಾಗಲೂ ಭೂತಗನ್ನಡಿ. ವಾಚಿನ ಬೆನ್ನು ಬಿಚ್ಚಿದರು. ಎದ್ದು ಕೈ ತೊಳೆದುಕೊಂಡು ಬಂದರು. ಶಿವರಾಮುವಿಗೆ ಸ್ಟೂಲು ಹಾಕಿ, ಕಾಫಿಗೆ ಹೇಳಿದರು.

"ಕಾಫಿ ಬೇಡ ಸಾರ್. ಡೂಪ್ಲಿಕೇಟು ಅಂತ ಎರಡು ಸಾಲು ಬರ್ಕೊಟ್ರೆ ಸಾಕು."

"ಎಂಗೆ ಬರೀಲಿ ಸ್ವಾಮಿ? ಇದು ಒರಿಜಿನಲ್ಲು. ಒಳಗಡೆ ನಂಬರ್ ಅದೆ, ಚಿನ್ನದ ಚಕ್ರ ಅದೆ. ನನ್ನ ಜೀವಮಾನದಾಗೆ ಇಂಥದ್ದು ಎರಡೇ ಬಿಚ್ಚಿರೋದು. ಹದಿನೆಂಟು ಲಕ್ಷಕ್ಕೆ ಕಮ್ಮಿ ಇಲ್ಲ."

"ಟೈಮ್ ಹಿಂದೆ ಬೀಳುತ್ತಲ್ಲ?"

"ಹದಿನೆಂಟು ಲಕ್ಷದ ವಾಚ್ ಕಟ್ಟೋರು ಟೈಮಿಗೆ ಎಲ್ಲಿ ಓಗ್ತಾರೆ ಸ್ವಾಮಿ. ಜನ ಕಾಯ್ತಾರೆ," ಎಂದರು ಶಾಮಣ್ಣ. ಕೇಳಿದ್ದು ಒಂದು ಚೀಟಿ, ಬರೆದುಕೊಟ್ಟದ್ದು ಇನ್ನೊಂದು: ಪರೀಕ್ಷಿಸಿದೆ, ಅಸಲಿ, ಬೆಲೆ ಹದಿನೆಂಟು ಲಕ್ಷ. ಕೆಳಗೆ ಸಹಿ.

ಆರೂವರೆ ಲಕ್ಷದ ಆಪಾದನೆ ತೊಳೆದುಕೊಳ್ಳಲು ಹೋದವರು ಹದಿನೆಂಟು ಲಕ್ಷದ ಪುರಾವೆ ಜೇಬಿನಲ್ಲಿಟ್ಟುಕೊಂಡು ಮನೆಗೆ ಬಂದರು. ಪದ್ಮಾವತಿ ಚೀಟಿಯನ್ನು ಎರಡು ಸಲ ಓದಿ, ಚಪ್ಪಲಿ ಹಾಕಿಕೊಂಡರು. ಗಂಡಹೆಂಡತಿ ಇಬ್ಬರೂ ಲಷ್ಕರ್ ಮೊಹಲ್ಲಾಕ್ಕೆ ಹೋದರು. ಅಂಗಡಿಯವನು, ಇದು ಗುಜರಿಯವನು ಕೊಟ್ಟದ್ದು ಎಂದ. ಗುಜರಿಯವನು ಎರಡು ಬೀದಿ ಆಚೆ ತಕ್ಕಡಿ ಮುಂದೆ ಕೂತಿದ್ದ. ಅವನಿಗೆ ಚೆನ್ನಾಗಿ ನೆನಪಿತ್ತು.

"ಯಾದವಗಿರೀಲಿ ಒಂದು ದೊಡ್ಡ ಬಂಗಲೆ ಅಮ್ಮ. ಅವರ ಮನೆ ಅಟ್ಟ ಕ್ಲೀನ್ ಮಾಡ್ತಿದ್ರು. ಒಂದು ಐದು ಲೀಟರ್ ಕುಕ್ಕರು, ಹಿಡಿ ಮುರಿದಿತ್ತು, ಮುಚ್ಚಳ ಜಾಮ್ ಆಗಿತ್ತು. ಇಲ್ಲಿಗೆ ತಂದು ಒಡೆದ್ರೆ ಒಳಗೆ ಹಳೇ ಬನೀನಿನಲ್ಲಿ ಸುತ್ತಿ ಇದು. ನಾನೇನೂ ಮೋಸ ಮಾಡಿಲ್ಲ, ಕುಕ್ಕರಿನ ಜೊತೆ ಇದರ ತೂಕಾನೂ ಸೇರಿಸೇ ಕಾಸು ಕೊಟ್ಟಿದ್ದೀನಿ."

"ಯಾರ ಮನೆ ಅದು?" ಎಂದು ಪದ್ಮಾವತಿ ಕೇಳಿದರು.

"ಹೆಸರು ಗೊತ್ತಿಲ್ಲಮ್ಮ. ಗೇಟಲ್ಲಿ ಬಿಳೀ ಕಾಗಡ ಹೂವಿನ ಬಳ್ಳಿ ಇತ್ತು."

ಯಾದವಗಿರಿಯಲ್ಲಿ ಹೂವಿನ ಬಳ್ಳಿ ಇಲ್ಲದ ಬಂಗಲೆ ಹುಡುಕುವುದೇ ಕಷ್ಟ. ವಾಪಸು ಬರುವಾಗ ಪದ್ಮಾವತಿ, "ನೀವು ಇದ್ದದ್ದು ಇದ್ದಂಗೆ ಹೇಳ್ಬುಡಿ. ಡೂಪ್ಲಿಕೇಟು ಅಂತ ತಗೊಂಡೆ, ಒರಿಜಿನಲ್ ಆಗೋಯ್ತು ಅಂತ," ಎಂದರು. ಅಷ್ಟು ಸರಳವಾದ ಮಾತನ್ನು ಯಾರಾದರೂ ನಂಬುತ್ತಾರೆಯೇ ಎಂದು ಶಿವರಾಮುವಿಗೆ ಅನುಮಾನವಿತ್ತು. ಆದರೂ ಬೇರೆ ದಾರಿಯಿರಲಿಲ್ಲ.

ವಿಚಾರಣಾಧಿಕಾರಿಯಾಗಿ ನೇಮಕವಾದವರು ಶಿವಲಿಂಗಯ್ಯ, ನಿವೃತ್ತ ಮುಖ್ಯ ಎಂಜಿನಿಯರು. ಮೈಸೂರಿನಲ್ಲಿ ಅವರ ಪ್ರಾಮಾಣಿಕತೆ ಗಾದೆಯಾಗಿತ್ತು. ಒಮ್ಮೆ ಕಾಮಗಾರಿ ನೋಡಲು ಹೋದಾಗ ಗುತ್ತಿಗೆದಾರ ಕೊಟ್ಟ ಎಳನೀರನ್ನು ಸ್ಟ್ರಾ ಸಮೇತ ವಾಪಸು ಮಾಡಿದ್ದರಂತೆ. ಕೈಯಲ್ಲಿ ಇವತ್ತಿಗೂ ಕೀಲಿ ಕೊಡುವ ಎಚ್‌ಎಂಟಿ. ಇಂಥವರ ಮುಂದೆ ಶಿವರಾಮು ಉಳಿಯುವುದುಂಟೇ ಎಂದು ಕಚೇರಿಯಲ್ಲಿ ಎಲ್ಲರೂ ಮಾತಾಡಿಕೊಂಡರು.

ವಿಚಾರಣೆಯ ದಿನ ಇಲಾಖೆಯ ಪರವಾಗಿ ವೃಷಭೇಂದ್ರಪ್ಪ ಕೂತಿದ್ದರು. ಸಾಕ್ಷಿಯಾಗಿ ವೆಂಕಟಸುಬ್ಬಯ್ಯ ಕೋಟು ಹಾಕಿಕೊಂಡು ಬಂದಿದ್ದರು. ಅವರು ವಾಚಿನ ಮಹಡಿಗಳನ್ನೆಲ್ಲ ಕೆಳಗಿನಿಂದ ಮೇಲಿನವರೆಗೆ ಹತ್ತಿ ತೋರಿಸಿ, "ಆರೂವರೆ ಅಂತ ಇವರೇ ಬಾಯಿ ಬಿಟ್ಟು ಹೇಳಿದ್ದಾರೆ," ಎಂದು ಮುಗಿಸಿದರು.

"ವಸ್ತು ಎಲ್ಲಿ?" ಎಂದರು ಶಿವಲಿಂಗಯ್ಯ.

ಶಿವರಾಮು ವಾಚು ಬಿಚ್ಚಿ ಮೇಜಿನ ಮೇಲಿಟ್ಟರು. ಶಿವಲಿಂಗಯ್ಯ ಕೈಗೆತ್ತಿಕೊಂಡರು, ತಿರುಗಿಸಿದರು, ಬಕಲ್ಲಿನ ಹತ್ತಿರ ಹೆಬ್ಬೆರಳಿಂದ ಒಮ್ಮೆ ಸವರಿದರು. ಆಮೇಲೆ ಅವರ ಮುಖ ಸುಣ್ಣ ಬಳಿದ ಗೋಡೆಯ ಹಾಗಾಯಿತು.

"ಇದು ನಿಮಗೆ ಎಲ್ಲಿ ಸಿಕ್ತು?"

ಶಿವರಾಮು ಇದ್ದದ್ದು ಇದ್ದಂತೆ ಹೇಳಿದರು. ಲಷ್ಕರ್ ಮೊಹಲ್ಲಾ, ಆರುನೂರೈವತ್ತು ರೂಪಾಯಿ, ಗುಜರಿಯವನು, ಯಾದವಗಿರಿಯ ಬಂಗಲೆ, ಕುಕ್ಕರು.

"ಯಾವ ಕುಕ್ಕರು?"

"ಐದು ಲೀಟರ್‌ದು ಸಾರ್. ಹಿಡಿ ಮುರಿದಿತ್ತಂತೆ. ಬನೀನಿನಲ್ಲಿ ಸುತ್ತಿದ್ರಂತೆ."

ಶಿವಲಿಂಗಯ್ಯ ಒಂದು ಲೋಟ ನೀರು ಕುಡಿದರು. "ಐದು ನಿಮಿಷ," ಎಂದು ಎದ್ದು ವರಾಂಡಕ್ಕೆ ಹೋದರು. ಬಾಗಿಲ ಪಕ್ಕದ ಕುರ್ಚಿಯಲ್ಲಿದ್ದ ಶಿವರಾಮುವಿಗೆ ಅವರು ಫೋನಿನಲ್ಲಿ ಮಾತಾಡುವುದು ಕೇಳಿಸುತ್ತಿತ್ತು.

"ಮಹದೇವಮ್ಮ, ಅಟ್ಟದ ಮೇಲೆ ಒಂದು ಹಳೇ ಕುಕ್ಕರ್ ಇತ್ತಲ್ಲ... ಯಾವಾಗ?... ನನ್ನನ್ನು ಒಂದು ಮಾತು ಕೇಳ್ಬಾರ್ದಾಗಿತ್ತಾ?... ಕೆಜಿಗೆ ಎಷ್ಟು ಕೊಟ್ಟ ಅಂತ ನಾನು ಕೇಳ್ಲಿಲ್ಲ, ಮಹದೇವಮ್ಮ."

ಶಿವರಾಮು ಗೋಡೆ ನೋಡುತ್ತಾ ಕೂತರು. ತಮಗೆ ಈಗ ತಿಳಿದದ್ದು ತಿಳಿಯದೇ ಇದ್ದಿದ್ದರೆ ಚೆನ್ನಾಗಿತ್ತು ಅನಿಸಿತು. ಯಾರಿಗೆ ಹೇಳಿದರೂ ಯಾರೂ ನಂಬದ ಸತ್ಯಗಳು ಅವರ ಬಳಿ ಆಗಲೇ ಸಾಕಷ್ಟಿದ್ದವು.

ಒಳಗೆ ಬಂದ ಶಿವಲಿಂಗಯ್ಯನವರ ದನಿ ಗಟ್ಟಿಯಾಗಿತ್ತು. "ನಾನು ವಸ್ತುವನ್ನು ಪರಿಶೀಲಿಸಿದ್ದೇನೆ. ಇದು ನಕಲಿ."

ವೃಷಭೇಂದ್ರಪ್ಪ ಫೈಲಿನಿಂದ ತಲೆ ಎತ್ತಿದರು. ವೆಂಕಟಸುಬ್ಬಯ್ಯ ಕೋಟಿನ ಗುಂಡಿ ಹಾಕಿಕೊಂಡರು. ಶಿವರಾಮು ಮಾತ್ರ ಎದ್ದು ನಿಂತರು. ನಿಜವನ್ನೇ ಹೇಳಬೇಕೆಂದು ಮನೆಯಲ್ಲಿ ಅಪ್ಪಣೆಯಾಗಿತ್ತು.

"ಇಲ್ಲ ಸಾರ್, ಅಸಲಿ. ಚೀಟಿ ಇದೆ." ಶಾಮಣ್ಣನ ಚೀಟಿ ಮುಂದಿಟ್ಟರು.

"ಖಾಸಗಿ ಅಂಗಡಿಯವನ ಚೀಟಿ ಇದು. ಇದಕ್ಕೆ ಬೆಲೆ ಇಲ್ಲ."

"ಒಳಗೆ ನಂಬರ್ ಇದೆಯಂತೆ ಸಾರ್. ಚಿನ್ನದ ಚಕ್ರ ಇದೆಯಂತೆ."

"ಶಿವರಾಮು, ನಿಮಗೆ ಕೆಲಸ ಬೇಕೋ ಬೇಡ್ವೋ?"

"ಬೇಕು ಸಾರ್."

"ಹಾಗಾದ್ರೆ ಕೂತ್ಕೊಳ್ಳಿ. ಆರೋಪಿಯಾದೋರು ಆರೋಪ ಸಾಬೀತು ಮಾಡೋಕೆ ಹೀಗೆ ಕಷ್ಟಪಡಬಾರದು." ಅವರು ವೃಷಭೇಂದ್ರಪ್ಪನವರ ಕಡೆ ತಿರುಗಿದರು. "ನೋಡಿ, ತರ್ಕ ಸರಳವಾಗಿದೆ. ಹದಿನೆಂಟು ಲಕ್ಷದ ವಸ್ತು ಕಳೆದುಕೊಂಡೋನು ಸುಮ್ನಿರ್ತಾನಾ? ದೂರು ಕೊಡ್ತಾನೆ, ಪೇಪರಲ್ಲಿ ಹಾಕಿಸ್ತಾನೆ. ಇಲ್ಲಿ ಯಾರಾದ್ರೂ ದೂರು ಕೊಟ್ಟಿದ್ದಾರಾ?"

"ಇಲ್ಲ ಸಾರ್."

"ಯಾರೂ ಕೊಟ್ಟಿಲ್ಲ. ಯಾರೂ ಕೊಡೋದೂ ಇಲ್ಲ." ಇದನ್ನು ಹೇಳುವಾಗ ಅವರು ವಾಚನ್ನು ಇನ್ನೊಮ್ಮೆ ಸವರಿದರು. "ಅಂದ್ಮೇಲೆ ಇದು ಹದಿನೆಂಟು ಲಕ್ಷದ್ದಲ್ಲ. ಇನ್ನು ಹಳೇ ಕುಕ್ಕರಿನಲ್ಲಿ ಬನೀನು ಸುತ್ತಿ ವಾಚಿಡೋದು ಎಂಥೋನು? ತಲೆ ಸರಿ ಇಲ್ಲದೋನು. ತಲೆ ಸರಿ ಇಲ್ಲದೋನ ಹತ್ರ ಅಸಲಿ ವಾಚು ಇರೋಕೆ ಸಾಧ್ಯವಿಲ್ಲ. ಬರ್ಕೊಳ್ಳಿ."

ಬರೆದುಕೊಂಡರು. ಸದರಿ ಕೈಗಡಿಯಾರವು ನಕಲಿಯೆಂದೂ, ಅದರ ಬೆಲೆ ರೂಪಾಯಿ ಆರುನೂರೈವತ್ತನ್ನು ಮೀರದೆಂದೂ, ಆರೋಪವನ್ನು ಕೈಬಿಡಲಾಗಿದೆಯೆಂದೂ ವರದಿ ಸಿದ್ಧವಾಯಿತು. ಸಹಿ ಹಾಕಿದ ಶಿವಲಿಂಗಯ್ಯ ವಾಚನ್ನು ಮೆಲ್ಲಗೆ ತಮ್ಮ ಕೈಚೀಲದ ಕಡೆ ಸರಿಸಿದರು.

"ನಕಲಿ ಮಾಲು ಜನರ ಕೈಲಿ ಓಡಾಡೋದು ಒಳ್ಳೇದಲ್ಲ. ಇದನ್ನು ನಾನೇ ನಾಶ ಮಾಡಿಸ್ತೀನಿ."

ಆಗ ವೃಷಭೇಂದ್ರಪ್ಪ ಕೆಮ್ಮಿದರು. "ಸಾರ್, ತಾವು ದೊಡ್ಡೋರು. ಆದ್ರೆ ಆರೋಪ ಬಿದ್ದೋದ್ಮೇಲೆ ವಸ್ತುವನ್ನು ನೌಕರನಿಗೇ ವಾಪಸ್ ಕೊಡ್ಬೇಕು, ಸ್ವೀಕೃತಿ ತಗೊಂಡು. ನಿಯಮ ಇದೆ." ನಿಯಮದ ಪುಸ್ತಕ ಅವರ ಕಂಕುಳಲ್ಲೇ ಇತ್ತು.

ಶಿವಲಿಂಗಯ್ಯ ಆ ಪುಸ್ತಕವನ್ನು ನೋಡಿದ ನೋಟವನ್ನು ಶಿವರಾಮು ಬಹಳ ದಿನ ಮರೆಯಲಿಲ್ಲ.

ವರದಿಯ ಸುದ್ದಿ ಹಬ್ಬಲು ಎರಡು ದಿನವೂ ಬೇಕಾಗಲಿಲ್ಲ. ವೆಂಕಟಸುಬ್ಬಯ್ಯನವರ ಕಾರು ಮತ್ತೆ ಗೇಟಿಗೆ ಅಡ್ಡ ಬಂತು. ಪಾರ್ಕಿನ ಬೆಂಚುಗಳನ್ನು ಬೇರೆ ಯಾರೋ ಉದ್ಘಾಟಿಸಿದರು. ವರ್ಗ ಕೋರಿದ್ದ ಮೂರೂ ಅರ್ಜಿಗಳು ವಾಪಸಾದವು. ಮಂಟಯ್ಯ ಫೋನು ಮಾಡಿ, "ನನಗೆ ಆಗ್ಲೇ ಗೊತ್ತಿತ್ತು ಬೀಗ್ರೇ. ನೀವು ಅಂಥೋರಲ್ಲ ಅಂತ ಎಲ್ಲಾರ್ಗೂ ಏಳ್ದೆ," ಎಂದರು. ಅನುಪಮಾಳ ಮದುವೆ ಐವತ್ತು ಜನರ ಎದುರು, ಬಿಸಿಬೇಳೆಬಾತು ಮೈಸೂರುಪಾಕಿನೊಂದಿಗೆ, ಮಧ್ಯಾಹ್ನ ಎರಡಕ್ಕೆಲ್ಲ ಮುಗಿಯಿತು. ಹುಡುಗಿ ನಗುನಗುತ್ತಾ ಹೋದಳು.

ಉಳಿದದ್ದು ವಾ‌ಚು. ಅದು ಯಾರದೆಂದು ಪದ್ಮಾವತಿಗೂ ಗೊತ್ತಾಗಿತ್ತು. "ಲಂಚದ ಮಾಲು ಕಣ್ರೀ. ಮನೇಲಿ ಬೇಡ," ಎಂದರು. ಶಿವರಾಮು ಪೊಲೀಸ್ ಸ್ಟೇಷನ್ನಿಗೆ ತೆಗೆದುಕೊಂಡು ಹೋದರು. ಅಲ್ಲಿದ್ದ ರೈಟರು ವರದಿಯನ್ನು ಓದಿ, ಆರುನೂರೈವತ್ತು ರೂಪಾಯಿಯ ಡೂಪ್ಲಿಕೇಟು ವಾಚನ್ನು ಠಾಣೆಯಲ್ಲಿ ಇಟ್ಟುಕೊಳ್ಳಲು ಇದೇನು ಅನಾಥಾಶ್ರಮವೇ ಎಂದು ಕೇಳಿ ಕಳಿಸಿದರು. ಬೇರೆ ವಾಚು ಕೊಳ್ಳುವುದಕ್ಕೆ ಮದುವೆ ಮುಗಿದ ಮೇಲೆ ಕೈ ಬರಿದಾಗಿತ್ತು. ಶಿವರಾಮು ಅದನ್ನೇ ಕಟ್ಟಿಕೊಂಡು ಕಚೇರಿಗೆ ಹೋಗತೊಡಗಿದರು. ಯಾರೂ ತಿರುಗಿ ನೋಡಲಿಲ್ಲ. ಹದಿನೆಂಟು ಲಕ್ಷದ ಕೈಯಿಂದ ಟಪಾಲಿಗೆ ನಂಬರು ಬೀಳುತ್ತಿತ್ತು.

ಮದುವೆಯಾದ ಮೂರನೇ ಭಾನುವಾರ, ಬೆಳಿಗ್ಗೆ ಹತ್ತರ ಹೊತ್ತಿಗೆ, ಮನೆಯ ಮುಂದೆ ಒಂದು ಆಟೋ ನಿಂತಿತು. ಶಿವಲಿಂಗಯ್ಯ ಇಳಿದರು. ಕಾರು ಇರುವವರು ಆಟೋದಲ್ಲಿ ಬಂದದ್ದೇ ಅವರು ಬಂದ ಕೆಲಸದ ಪೀಠಿಕೆಯಾಗಿತ್ತು. ಪದ್ಮಾವತಿ ಕಾಫಿ ಕೊಟ್ಟರು. ಅವರು ಮದುವೆಯ ಬಗ್ಗೆ ಕೇಳಿದರು, ನೀರಿನ ಸರಬರಾಜಿನ ಬಗ್ಗೆ ಕೇಳಿದರು, ಕೊನೆಗೆ ಲೋಟದೊಳಗೆ ನೋಡುತ್ತಾ, "ಆ ನಕಲಿ ವಾಚು ನಿಮ್ಮ ಹತ್ರಾನೇ ಇದೆಯಲ್ಲ. ನನ್ನ ಮೊಮ್ಮಗಳು ಅಂಥದ್ದೊಂದು ಆಟಕ್ಕೆ ಬೇಕು ಅಂತಿದ್ದಾಳೆ," ಎಂದರು.

"ಧಾರಾಳವಾಗಿ ತಗೊಳ್ಳಿ ಸಾರ್. ನಮಗೂ ಇದು ಬೇಡ." ಶಿವರಾಮು ಆಗಲೇ ಪಟ್ಟಿ ಬಿಚ್ಚುತ್ತಿದ್ದರು. "ಒಂದೇ ಒಂದು ಸಾಲು ಬರ್ಕೊಟ್ಬುಡಿ. ವಾಚು ನನ್ನದು, ವಾಪಸ್ ಬಂತು ಅಂತ."

"ನನ್ನದು ಅಂತ ಯಾಕೆ?"

"ಬೇರೆಯೋರಿಗೆ ಕೊಟ್ರೆ ನಾಳೆ ಮತ್ತೆ ಮೂಗರ್ಜಿ ಬರುತ್ತೆ ಸಾರ್. ಯಾರ್ದೋ ಅವರಿಗೇ ಕೊಟ್ರೆ ಯಾರೂ ಕೇಳಲ್ಲ. ಮೂವತ್ತೊಂದು ವರ್ಷ ಸ್ವೀಕೃತಿ ಇಲ್ದೆ ಒಂದು ಪೋಸ್ಟ್‌ಕಾರ್ಡೂ ನನ್ನ ಕೈಯಿಂದ ಆಚೆ ಹೋಗಿಲ್ಲ."

ಇದನ್ನು ಶಿವರಾಮು ಹೇಳಿದ್ದು ಯಾವ ಕೊಂಕೂ ಇಲ್ಲದೆ. ಪದ್ಮಾವತಿ ಬಿಳಿ ಹಾಳೆ, ಪೆನ್ನು ತಂದಿಟ್ಟು ಗಂಡನ ಪಕ್ಕ ನಿಂತರು. ಶಿವಲಿಂಗಯ್ಯ ಪೆನ್ನು ತೆಗೆದುಕೊಂಡು, ಯಾದವಗಿರಿ ವಾಸಿ ಶಿವಲಿಂಗಯ್ಯನಾದ ನಾನು, ಎಂದು ಬರೆದರು. ಅಲ್ಲಿಗೆ ನಿಂತರು. ಎರಡು ಸಲ ಪೆನ್ನು ಹಾಳೆಗೆ ತಾಗಿತು, ಎರಡು ಸಲ ಮೇಲೆದ್ದಿತು. ಕಾಫಿಯ ಮೇಲೆ ಕೆನೆ ಕಟ್ಟಿತು. ಕೊನೆಗೆ ಅವರು ಹಾಳೆಯನ್ನು ನಾಲ್ಕಾಗಿ ಮಡಚಿ ಜೇಬಿಗೆ ಹಾಕಿಕೊಂಡು ಎದ್ದರು.

ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ, ಬರಿದೇ ಹೋಗಬಾರದಲ್ಲ, ಏನಾದರೂ ಆಡಬೇಕು ಎಂದು ಕೇಳಿದರು:

"ಟೈಮ್ ಸರಿಯಾಗಿ ತೋರಿಸುತ್ತಾ?"

"ಹಿಂದೆ ಬೀಳುತ್ತೆ ಸಾರ್. ಡೂಪ್ಲಿಕೇಟಲ್ವಾ, ಅಷ್ಟೇ."

"ಡೂಪ್ಲಿಕೇಟು ಅಂತಲ್ಲ ರೀ," ಎಂದರು ಶಿವಲಿಂಗಯ್ಯ, ತಮ್ಮ ಮಗುವನ್ನು ಯಾರೋ ಆಡಿಕೊಂಡ ಹಾಗೆ. "ಅದು ಮೊದಲಿಂದಲೂ ಹಾಗೇ."

ಶಿವರಾಮು ಹೋಗಿ ಅವರಿಗೆ ಗೇಟು ತೆಗೆದರು.